ಬಿಲ್ಲಿಗೆ ಬಾರದ ಖರ್ಚು

ವಿದ್ಯುತ್ತು ಮತ್ತು ಅಂತರ್ಜಲದ ಅರ್ಥಶಾಸ್ತ್ರದಲ್ಲಿ ಸಂಶೋಧನೆಗೆ ಬರುವ ಹೊಸಬರು ಸಾಮಾನ್ಯವಾಗಿ ಸರ್ಕಾರದ ಸಬ್ಸಿಡಿ ಮೊತ್ತ ಹಿಡಿದೇ ಹೊರಡುತ್ತಾರೆ. ಅವರನ್ನು ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಕಳಿಸುವಾಗ ನಾನು ಹೇಳುವ ಮಾತುಗಳಿವು. ಮೊದಲನೆಯದೊಂದು ಮೊದಲೇ ಇರಲಿ, ಉಳಿದವನ್ನು ಹೇಗೆ ಬೇಕಾದರೂ ಓದಿಕೊಳ್ಳಿ.

1. ಸತ್ತ ಬೋರನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಉಚಿತ. ಹಾಗಾದರೆ ನೀರೂ ಪುಕ್ಕಟೆಯೇ? ರೈತನ ದೊಡ್ಡ ಖರ್ಚು ಕರೆಂಟಿನದಲ್ಲವೇ ಅಲ್ಲ, ನೆಲಕ್ಕೆ ಹಾಕಿದ ತೂತುಗಳದು. ಒಬ್ಬ ರೈತ ಮೂರು ಬೋರು ಕೊರೆಸಿದ, ಒಂದಕ್ಕೆ 3 ಲಕ್ಷ, ನೀರು ಸಿಕ್ಕಿದ್ದು ಒಂದರಲ್ಲಿ, ಅದೂ ಐದು ವರ್ಷಕ್ಕೆ ಬತ್ತಿತು ಎಂದಿಟ್ಟುಕೊಳ್ಳಿ. ಬಡ್ಡಿ ಬಿಟ್ಟರೂ ವರ್ಷಕ್ಕೆ 1.8 ಲಕ್ಷ ಬಿತ್ತು. ಅದೇ, ನೀರು ಬಂದ ಬೋರನ್ನಷ್ಟೇ ಹಿಡಿದು ಅದಕ್ಕೆ ಹದಿನೈದು ವರ್ಷದ ಆಯುಷ್ಯ ಕೊಟ್ಟು ಭಾಗಿಸಿದರೆ ಬರುವುದು 20 ಸಾವಿರ. ಒಂಬತ್ತು ಪಟ್ಟು ಅಂತರ! ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಎಂ.ಜಿ. ಚಂದ್ರಕಾಂತ್ ಮತ್ತು ಅವರ ಶಿಷ್ಯರು ದಶಕಗಳಿಂದ ಒತ್ತಿ ಹೇಳುತ್ತ ಬಂದದ್ದು ಇದನ್ನೇ: ವಿಫಲ ಬಾವಿಗಳ ಖರ್ಚನ್ನೂ ಸೇರಿಸಿ, ಬಾವಿ ನಿಜಕ್ಕೂ ಬದುಕಿದ ವರ್ಷಗಳಿಂದ ಭಾಗಿಸಿ. ಪಕ್ಕದ ಹೊಲದವನು ಇನ್ನೂ ಆಳಕ್ಕೆ ಕೊರೆಸಿದ್ದರಿಂದ ಇವನ ನೀರು ಹೋಗಿದ್ದರೆ, ಆ ನಷ್ಟವೂ ಈ ಲೆಕ್ಕದೊಳಗೇ ಕಾಣಿಸಿಕೊಳ್ಳುತ್ತದೆ. ಅದನ್ನು ಯಾವ ಬಿಲ್ಲೂ ತೋರಿಸದು.

2. ಪ್ರಶ್ನೆಯನ್ನು ಬಾವಿಯ ವಂಶಾವಳಿಯಂತೆ ಕೇಳಿ.

"ಎಷ್ಟು ಬೋರು ಫೇಲಾದವು?" ಎಂದರೆ ಕಡಿಮೆಯೇ ಹೇಳುತ್ತಾರೆ. ಅಪ್ಪನ ಕಾಲದ ತೆರೆದ ಬಾವಿಯಿಂದ ಶುರು ಮಾಡಿ ಒಂದೊಂದಾಗಿ ಇಳಿದು ಬನ್ನಿ. ಯಾವ ವರ್ಷ, ಎಷ್ಟು ಅಡಿ, ಕೇಸಿಂಗ್ ಎಷ್ಟು, ದುಡ್ಡು ಎಲ್ಲಿಂದ ತಂದಿರಿ? ಮನೆಯ ಹೆಂಗಸರು ಪಕ್ಕದಲ್ಲಿರಲಿ. ಗಂಡಸು ಮರೆತ ಬೋರನ್ನು ಅವರು ಮರೆತಿರುವುದಿಲ್ಲ. ಅದಕ್ಕೆ ಯಾವ ಒಡವೆ ಅಡವಿಗೆ ಹೋಯಿತು ಎಂಬುದು ಅವರಿಗೆ ನೆನಪಿರುತ್ತದೆ. ನೀರು ಎಷ್ಟೆಂದರೆ "ಎರಡಿಂಚು" ಎಂಬ ಉತ್ತರ ಬರುತ್ತದೆ. ಬರೆದುಕೊಳ್ಳಿ, ಆಮೇಲೆ ಒಂದು 200 ಲೀಟರಿನ ಡ್ರಮ್ಮು ಇಟ್ಟು ತುಂಬಲು ಎಷ್ಟು ಸೆಕೆಂಡು ಬೇಕಾಯಿತು ನೋಡಿ.

3. ಮೀಟರಿಲ್ಲದ ಯೂನಿಟ್ಟಿನ ಹಿಂದೆ ಯಾರಿದ್ದಾರೆ ನೋಡಿ.

5 ಎಚ್‌ಪಿ ಮೋಟಾರೆಂದರೆ ಸುಮಾರು 3.7 ಕಿಲೋವ್ಯಾಟ್, ಏಳು ಗಂಟೆ ಓಡಿದರೆ 26 ಯೂನಿಟ್. ಕಾಗದದ ಮೇಲೆ ಇಷ್ಟು ಸುಲಭ. ಹೊಲದಲ್ಲಿ ಎರಡು ಮೂರು ಸಲ ರೀವೈಂಡಿಂಗ್ ಆದ ಮೋಟಾರು ಹೆಚ್ಚು ಎಳೆಯುತ್ತದೆ. ಬೋರಿನಲ್ಲಿ ಗಂಟೆಯಷ್ಟೇ ನೀರಿದ್ದರೆ ಉಳಿದ ಆರು ಗಂಟೆ ಕರೆಂಟು ಬಂದೂ ಕೆಲಸವಿಲ್ಲ. ಬೋರು ಬತ್ತಿ, ಮೋಟಾರು ಮೇಲೆತ್ತಿ ವರ್ಷಗಳಾದರೂ ಆರ್‌ಆರ್ ನಂಬರು (ಸಂಪರ್ಕದ ಗುರುತು) ವಿದ್ಯುತ್ ಕಂಪನಿಯ ಪಟ್ಟಿಯಲ್ಲಿ ಜೀವಂತವಾಗಿರುತ್ತದೆ. ಪಂಪ್‌ಸೆಟ್ಟುಗಳ ಬಳಕೆಯನ್ನು ಬಹುಪಾಲು ಅಂದಾಜಿನಿಂದಲೇ ಕಟ್ಟುವುದರಿಂದ, ತಂತಿಯಲ್ಲಿ ಸೋರಿದ್ದು, ಕದ್ದದ್ದು ಎಲ್ಲವನ್ನೂ "ರೈತರು ಬಳಸಿದ್ದು" ಎಂಬ ಸಾಲಿಗೆ ಹಾಕಿಬಿಡುವ ಆಸೆ ಯಾವ ಕಂಪನಿಗೂ ಬರಬಹುದು. ಹರಿಯಾಣದಲ್ಲಿ ಪಂಪುಗಳಿಗೆ ಮೀಟರಿಟ್ಟು ನೋಡಿ, 2001ರಲ್ಲಿ ಪ್ರಕಟಿಸಿದ ವಿಶ್ವಬ್ಯಾಂಕ್ ಅಧ್ಯಯನ ಕಂಡದ್ದೂ ಅದನ್ನೇ: ಕೃಷಿ ಬಳಕೆ ಹೇಳಿದ್ದಕ್ಕಿಂತ ಕಡಿಮೆ, ನಷ್ಟ ಹೇಳಿದ್ದಕ್ಕಿಂತ ಹೆಚ್ಚು. ಸಬ್ಸಿಡಿಯನ್ನು ಬೈಯುವ ಮುಂಚೆ, ಆ ಮೊತ್ತದಲ್ಲಿ ಎಷ್ಟು ನಿಜಕ್ಕೂ ಹೊಲಕ್ಕೆ ಹೋಯಿತು ಎಂದು ಕೇಳುವುದು ನ್ಯಾಯ.

4. ರಾತ್ರಿ ಒಮ್ಮೆ ಹೋಗಿ.

ಎಷ್ಟೋ ಕಡೆ ತ್ರೀ ಫೇಸ್ ಬರುವುದು ಆಗಲೇ. ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗಿದವನ ತೋಟದಲ್ಲಿ ನೀರು ಎಲ್ಲಿ ಹರಿಯುತ್ತಿದೆ ಎಂದು ಹಗಲಿನ ಪ್ರಶ್ನಾವಳಿ ಹೇಳಲಾರದು. ಟಾರ್ಚು, ಬೂಟು ಮರೆಯಬೇಡಿ; ಹಾವಿನ ಭಯ ರೈತನಿಗೂ ಇದೆ, ಅದೂ ಅವನ ಖರ್ಚೇ.

5. ಹಸಿರು ಯೋಜನೆಯಲ್ಲಿ ಭೂಮಿಯಿಲ್ಲದವರನ್ನು ಹುಡುಕಿ.

ಪಾವಗಡದ ಸೋಲಾರ್ ಪಾರ್ಕು ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ 28 ವರ್ಷದ ಗುತ್ತಿಗೆಗೆ ಪಡೆದದ್ದು ನನ್ನ ಮಟ್ಟಿಗೆ ಒಳ್ಳೆಯ ನಡೆ. ಮಳೆ ಕೈಕೊಡುವ ಸೀಮೆಯಲ್ಲಿ ಎಕರೆಗೆ ಆರಂಭದಲ್ಲಿ ವರ್ಷಕ್ಕೆ 21,000 ರೂಪಾಯಿ ಖಾತ್ರಿ ಹಣ. ಆದರೆ ಏರಿಕೆ ಎರಡು ವರ್ಷಕ್ಕೊಮ್ಮೆ ಶೇ. 5. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ, ಕೊನೆಯ ವರ್ಷದ ಗುತ್ತಿಗೆಯಲ್ಲಿ ಕೊಳ್ಳಬಹುದಾದದ್ದು ಮೊದಲ ವರ್ಷದ ಅರ್ಧ. ಈ ಲೆಕ್ಕಕ್ಕೆ ಕಂಪ್ಯೂಟರ್ ಕೂಡ ಬೇಡ, ಆದರೂ ಯೋಜನೆಯನ್ನು ಹೊಗಳುವ ಬರಹಗಳಲ್ಲಿ ಇದನ್ನು ಹುಡುಕಬೇಕಾಗುತ್ತದೆ.

ಇನ್ನು ಶೇಂಗಾ ಕೀಳಲು, ಕಳೆ ತೆಗೆಯಲು ಹೋಗುತ್ತಿದ್ದವರು, ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರು. ಪಹಣಿಯಲ್ಲಿ ಹೆಸರಿಲ್ಲದ ಇವರಿಗೆ ಗುತ್ತಿಗೆಯೂ ಇಲ್ಲ. ಪಹಣಿ ಹಿಡಿದು ಮನೆ ಆರಿಸಿಕೊಂಡರೆ ಇವರು ನಿಮ್ಮ ಸರ್ವೆಯಲ್ಲಿ ಸಿಗುವುದೇ ಇಲ್ಲ. ಮತದಾರರ ಪಟ್ಟಿಯಿಂದ ಆರಿಸಿ.

6. ಎರಡು ಸುತ್ತು ಹಾಕಿ.

ಮಾರ್ಚಿನಲ್ಲಿ ಕೇಳಿದರೆ ನೀರಿಗೆ ಬೆಲೆಯಿದೆ, ಟೊಮೆಟೊ ಒಣಗುತ್ತಿದೆ, ಇನ್ನೊಂದು ಬೋರಿಗೆ ಸಾಲ ಹುಡುಕುತ್ತಿದ್ದಾರೆ. ಮಳೆ ಚೆನ್ನಾಗಿ ಬಂದ ವರ್ಷದ ನವೆಂಬರಿನಲ್ಲಿ ಅದೇ ಮನೆಯವರು "ನೀರಿಗೇನು ತೊಂದರೆಯಿಲ್ಲ" ಎನ್ನುತ್ತಾರೆ. ಎರಡೂ ಸುಳ್ಳಲ್ಲ. ಎರಡು ಸಲ ಹೋಗುವಷ್ಟು ಹಣವನ್ನು ಅರ್ಜಿಯಲ್ಲೇ ಕೇಳಿ. ಕೊಡುವುದಿಲ್ಲ ಎಂದರೆ ಹಳ್ಳಿಗಳನ್ನು ಕಡಿಮೆ ಮಾಡಿಕೊಳ್ಳಿ, ಸುತ್ತನ್ನಲ್ಲ.