ಉಯಿಲಿನಲ್ಲಿ ಆಸ್ತಿ ಹುಡುಕಬೇಡಿ, ಅಜ್ಜಿಯ ಹೆಸರು ಹುಡುಕಿ

ಶ್ರಾದ್ಧದ ದಿನ ಪುರೋಹಿತರು ಮೂರು ತಲೆಮಾರಿನ ಹೆಸರು ಕೇಳುತ್ತಾರೆ. ತಂದೆಯ ಹೆಸರು ಗಟ್ಟಿಯಾಗಿ ಬರುತ್ತದೆ, ಅಜ್ಜನದು ಸ್ವಲ್ಪ ತಡೆದು ಬರುತ್ತದೆ, ಮುತ್ತಜ್ಜನ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೀರಿ. ಮುತ್ತಜ್ಜಿಯ ಹೆಸರಂತೂ ಕೇಳುವುದೇ ಬೇಡ. ಹಿರಿಯರ ಮೇಲೆ ನಿಮಗೆ ಪ್ರೀತಿ ಇಲ್ಲ ಅಂತ ನಾನು ಖಂಡಿತ ಹೇಳುವುದಿಲ್ಲ. ಕೇಳುವ ಕಾಲದಲ್ಲಿ ಕೇಳಲಿಲ್ಲ, ಬರೆದಿಡುವ ಕಾಲದಲ್ಲಿ ಬರೆದಿಡಲಿಲ್ಲ, ಅಷ್ಟೆ. ಆದರೂ ಕೈಚೆಲ್ಲಬೇಡಿ. ಹೊಲ, ಮನೆ, ಒಡವೆ ಯಾರ ಪಾಲಿಗೆ ಹೋಗಬೇಕು ಅಂತ ಆ ಕಾಲದವರು ಬರೆಸಿಟ್ಟ ಕಾಗದಗಳಲ್ಲಿ ಆ ಹೆಸರುಗಳು ಇನ್ನೂ ಇರಬಹುದು. ಹಳೆಯ ಉಯಿಲು, ವಿಭಾಗಪತ್ರ, ಕೋರ್ಟಿನ ಪ್ರೊಬೇಟ್ ಕಡತ ಇವನ್ನು ವಕೀಲರಿಗೆ ಬಿಟ್ಟುಕೊಟ್ಟು ಸುಮ್ಮನೆ ಕೂರಬೇಡಿ. ನೀವೇ ಓದಲು ಕಲಿಯಿರಿ.

ಮೊದಲು ಮನೆಯಲ್ಲಿ ಹುಡುಕಿ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಕೆಲಸ ಮಾಡಬೇಡಿ. ದೇವರ ಮನೆಯ ಪೆಟ್ಟಿಗೆ, ಅಟ್ಟದ ಟ್ರಂಕು, ಬೀರುವಿನ ಕೆಳಗಿನ ಖಾನೆ, ದೊಡ್ಡಪ್ಪನ ಮನೆಯ ಹಳೆಯ ಚೀಲ, ಎಲ್ಲವನ್ನೂ ಒಮ್ಮೆ ನೋಡಿ. ಮನೆಗೆ ಬಣ್ಣ ಹೊಡೆಸುವಾಗ ‘ಹಳೇ ಕಾಗದ’ ಅಂತ ರದ್ದಿಗೆ ಹಾಕುವ ಅಭ್ಯಾಸ ನಿಮ್ಮಲ್ಲಿ ಬಹಳ ಜನಕ್ಕಿದೆ. ಅದನ್ನು ಇವತ್ತೇ ಬಿಡಿ. ಕಾಗದ ಸಿಕ್ಕಿದ ಕೂಡಲೇ ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಮಾಡಿಸಿದರೆ ಬಿಡಿಸಲು ಆಗುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ, ಅದರ ಅಂಟು ವರ್ಷ ಕಳೆದಂತೆ ಕಾಗದವನ್ನು ಕಂದು ಮಾಡುತ್ತದೆ. ಗುಂಡುಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆಯಿರಿ. ಮಡಿಕೆ ಬಿಚ್ಚಿ, ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಆಮೇಲೆ ಮೂಲಪತ್ರವನ್ನು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಟ್ಟು, ಓದುವ ಕೆಲಸಕ್ಕೆಲ್ಲ ಫೋಟೊ ಬಳಸಿ.

ಇನ್ನು ಓದುವ ಬಗೆ. ಎಷ್ಟು ಎಕರೆ, ಎಷ್ಟು ಗುಂಟೆ ಅಂತ ನಿಮ್ಮ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ. ಸ್ವಲ್ಪ ತಡೆಯಿರಿ. ಮೊದಲ ಸಾಲಿನಲ್ಲಿ ಬರೆಸಿದವರ ಹೆಸರು, ವಯಸ್ಸು, ಕಸುಬು, ಊರು ಇರುತ್ತದೆ. ‘ರಾಮಯ್ಯ ಬಿನ್ ಲೇಟ್ ತಿಮ್ಮಯ್ಯ’ ಎಂದಿದ್ದರೆ ತಿಮ್ಮಯ್ಯನವರು ಅಪ್ಪ, ಆ ಹೊತ್ತಿಗೆ ತೀರಿಕೊಂಡಿದ್ದರು. ‘ಲಕ್ಷ್ಮಮ್ಮ ಕೋಂ ರಾಮಯ್ಯ’ ಎಂದಿದ್ದರೆ ರಾಮಯ್ಯನವರ ಹೆಂಡತಿ. ಬಿನ್ ಹಿಡಿದು ಮೇಲಕ್ಕೆ ಹತ್ತಿ, ಕೋಂ ಹಿಡಿದು ಪಕ್ಕಕ್ಕೆ ಹೋಗಿ. ಬೇರೆ ಯಾವ ದಾಖಲೆಯಲ್ಲೂ ಕಾಣದ ಅಜ್ಜಿಯರ ಹೆಸರು ಆ ಒಂದು ‘ಕೋಂ’ ಪಕ್ಕದಲ್ಲಿ ಸಿಗುವುದುಂಟು.

ಅಷ್ಟಕ್ಕೆ ನಿಲ್ಲಿಸಬೇಡಿ, ಚಕ್ಕುಬಂದಿಯನ್ನೂ ಓದಿ. ‘ಪೂರ್ವಕ್ಕೆ ಇಂಥವರ ಜಮೀನು’ ಎಂದು ಬರೆದಿರುವ ಆ ಇಂಥವರು ಪಾಲು ಹಂಚಿಕೊಂಡು ಬೇರೆಯಾದ ದಾಯಾದಿಗಳೇ ಆಗಿರಬಹುದು. ಕೊನೆಯಲ್ಲಿ ಸಾಕ್ಷಿಗಳ ರುಜು ಇರುತ್ತದೆ, ಪತ್ರ ಬರೆದವರ ಬಿಕ್ಕಲಂ ಇರುತ್ತದೆ. ಸಾಕ್ಷಿ ಹಾಕಲು ಜನ ಭಾವ, ಮಾವ, ನೆರೆಮನೆಯವರು, ಶಾನುಭೋಗರು ಇಂಥವರನ್ನೇ ಕರೆಯುತ್ತಿದ್ದರು. ಅವರ ಹೆಸರನ್ನೂ ಪಟ್ಟಿ ಮಾಡಿಕೊಳ್ಳಿ. ಛಾಪಾ ಕಾಗದದ ಹಿಂಬದಿ ನೋಡದೆ ಮಡಚಿಡುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಛಾಪಾ ಮಾರಿದವರು ಯಾರಿಗೆ, ಯಾವತ್ತು ಮಾರಿದೆವು ಎಂದು ಬರೆದಿರುವುದು ಅಲ್ಲೇ. ನೋಂದಣಿಯಾದ ಪತ್ರವಾದರೆ ಕಚೇರಿಗೆ ಹಾಜರಾದ ದಿನ ಮತ್ತು ಗಂಟೆ, ಹೆಬ್ಬೆಟ್ಟಿನ ಗುರುತು, ‘ಇವರೇ ಅವರು’ ಎಂದು ಗುರುತಿಸಿದವರ ಹೆಸರು ಸಿಗುವುದೂ ಅಲ್ಲೇ.

‘ನಮ್ಮ ಮನೆಯಲ್ಲಿ ಯಾರೂ ಉಯಿಲು ಬರೆದೇ ಇಲ್ಲ’ ಎನ್ನುತ್ತೀರಿ. ನಿಜವಿರಬಹುದು, ಅದಕ್ಕೆ ಕಾರಣವೂ ಇದೆ. ನಮ್ಮ ಕಡೆಯ ಬಹುಪಾಲು ಹಿಂದೂ ಅವಿಭಕ್ತ ಕುಟುಂಬಗಳು ನಡೆದದ್ದು ಮಿತಾಕ್ಷರ ಪದ್ಧತಿಯಲ್ಲಿ. ಒಟ್ಟು ಕುಟುಂಬದ ಆಸ್ತಿಯಲ್ಲಿ ತನಗೆ ಬರುವ ಪಾಲನ್ನು ಉಯಿಲಿನ ಮೂಲಕ ಕೊಡಲು ಆಗ ಅವಕಾಶವಿರಲಿಲ್ಲ. ಆ ಅವಕಾಶ ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಅದಕ್ಕೂ ಹಿಂದಿನ ಉಯಿಲುಗಳು ಸಾಮಾನ್ಯವಾಗಿ ಸ್ವಯಾರ್ಜಿತ ಆಸ್ತಿಯವು, ಇಲ್ಲವೇ ಹೆಂಗಸರ ಸ್ತ್ರೀಧನದವು. ಆದ್ದರಿಂದ ನೀವು ಹುಡುಕಬೇಕಾದದ್ದು ವಿಭಾಗಪತ್ರ, ಹಳಬರ ಬಾಯಲ್ಲಿ ಪಾಲುಪಾರೀಖತ್ತು. ಅಣ್ಣತಮ್ಮಂದಿರು ಹಿರಿಯವನಿಂದ ಕಿರಿಯವನವರೆಗೆ ಅದರಲ್ಲಿ ಸಾಲಾಗಿ ಸಿಗುತ್ತಾರೆ. ಮೈಸೂರು ಸಂಸ್ಥಾನದ ಊರಿನವರಾದರೆ 1933ರ ನಂತರದ ವಿಭಾಗಪತ್ರಗಳನ್ನು ಬಿಡಲೇಬೇಡಿ. ಹಿಂದೂ ಮಹಿಳೆಯರ ಹಕ್ಕಿಗಾಗಿ ಸಂಸ್ಥಾನ ಆ ವರ್ಷ ತಂದ ಕಾಯಿದೆ, ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟಿತು. ಹೀಗಾಗಿ ಅಂಥ ಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರು ಸಿಗುವ ಸಂಭವ ಹೆಚ್ಚು.

ಮನೆಯಲ್ಲಿ ಏನೂ ಸಿಗದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ. ಬರಿಗೈಯಲ್ಲಿ ಹೋಗಿ ‘ನಮ್ಮ ತಾತನದು ಏನಾದರೂ ಇದೆಯಾ’ ಅಂತ ಕೇಳಿದರೆ ಅಲ್ಲಿಯ ಗುಮಾಸ್ತರು ತಾನೇ ಏನು ಮಾಡಿಯಾರು? ಹೆಸರು, ತಂದೆಯ ಹೆಸರು, ಊರು, ಅಂದಾಜು ವರ್ಷ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. 1908ರ ನೋಂದಣಿ ಕಾಯಿದೆಯಂತೆ ಸ್ಥಿರಾಸ್ತಿಯ ಕ್ರಯ, ದಾನ, ವಿಭಾಗಗಳು 1ನೇ ಪುಸ್ತಕದಲ್ಲಿ ಇರುತ್ತವೆ, ಉಯಿಲು ಮತ್ತು ದತ್ತು ತೆಗೆದುಕೊಳ್ಳಲು ಕೊಟ್ಟ ಅಧಿಕಾರಪತ್ರಗಳು 3ನೇ ಪುಸ್ತಕದಲ್ಲಿ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ‘ಉಯಿಲು ಇಲ್ಲ’ ಅಂತ ತೀರ್ಮಾನ ಮಾಡುವವರು ಇದನ್ನು ಗಮನಿಸಿ. ಇ.ಸಿ. ಬರುವುದು 1ನೇ ಪುಸ್ತಕದಿಂದ, ಉಯಿಲನ್ನು ಬೇರೆಯಾಗಿಯೇ ಕೇಳಬೇಕು. ಬರೆದವರು ಬದುಕಿರುವ ತನಕ ಉಯಿಲಿನ ನಕಲು ಅವರಿಗೆ ಅಥವಾ ಅವರು ನೇಮಿಸಿದವರಿಗೆ ಮಾತ್ರ. ಅವರು ತೀರಿಕೊಂಡ ಮೇಲೆ ಶುಲ್ಕ ಕಟ್ಟಿ ಯಾರು ಬೇಕಾದರೂ ನಕಲು ಕೇಳಬಹುದು. ಮರಣ ಪ್ರಮಾಣಪತ್ರ ಇದ್ದರೆ ಜೊತೆಗಿಟ್ಟುಕೊಳ್ಳಿ.

ಇನ್ನೆರಡು ಸಂಗತಿ ನೆನಪಿಡಿ. ಜಮೀನು ಇರುವ ತಾಲೂಕಿನಲ್ಲೇ ಉಯಿಲು ನೋಂದಣಿಯಾಗಬೇಕೆಂಬ ಕಟ್ಟಳೆ ಇಲ್ಲ. ಅಜ್ಜ ನೌಕರಿಯಲ್ಲಿದ್ದ ಊರಿನಲ್ಲಿ, ಮಗಳ ಮನೆಯ ಊರಿನಲ್ಲಿ ಕೂಡ ಹುಡುಕಿ. ಹಾಗೆಯೇ, ಬರೆದವರು ತೀರಿಕೊಂಡ ಮೇಲೂ ಉಯಿಲನ್ನು ನೋಂದಣಿಗೆ ತರಬಹುದು. ನೋಂದಣಿಯ ತಾರೀಖು ಕಂಡು ‘ಆಗ ಅಜ್ಜ ಬದುಕಿದ್ದರು’ ಎಂದು ಬರೆದುಬಿಡಬೇಡಿ.

ಪ್ರೊಬೇಟ್ ಎಂದರೆ ಹೆದರಬೇಡಿ. ಇದು ಇವರ ಕೊನೆಯ ಉಯಿಲೇ ಹೌದು ಎಂದು ಕೋರ್ಟು ಒಪ್ಪಿ ಕೊಡುವ ಪತ್ರ. ನಮ್ಮ ಹಳ್ಳಿ ಪಟ್ಟಣಗಳಲ್ಲಿ ಬಹುಪಾಲು ಹಿಂದೂಗಳ ಉಯಿಲು ಕೋರ್ಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ಮುಂಬೈ, ಮದ್ರಾಸು, ಕಲ್ಕತ್ತಾ ನಗರಗಳಲ್ಲಿ ಬರೆದ ಹಿಂದೂ ಉಯಿಲಿಗೆ, ಅಲ್ಲಿಯ ಆಸ್ತಿಗೆ ಸಂಬಂಧಿಸಿದ ಉಯಿಲಿಗೆ ಪ್ರೊಬೇಟ್ ಬೇಕಾಗುತ್ತಿತ್ತು. ಉಡುಪಿ, ಕುಂದಾಪುರದ ಕಡೆಯಿಂದ ಮುಂಬೈಗೆ ಹೋಗಿ ಹೋಟೆಲು ಇಟ್ಟ ಅಜ್ಜಂದಿರ ಮೊಮ್ಮಕ್ಕಳು ಊರಿನ ಕಚೇರಿಯಲ್ಲೇ ಹುಡುಕಿ ಸುಸ್ತಾಗುತ್ತಾರೆ. ನೀವು ಬಾಂಬೆ ಹೈಕೋರ್ಟಿನ ಉಯಿಲು ವಿಭಾಗದಲ್ಲೂ ವಿಚಾರಿಸಿ. ಮಂಗಳೂರಿನ ಕ್ರೈಸ್ತ ಕುಟುಂಬದವರಾದರೆ ಜಿಲ್ಲಾ ನ್ಯಾಯಾಲಯದ ಹಳೆಯ ಕಡತ ಕೇಳಿ. 2002ರಲ್ಲಿ ಕಾಯಿದೆ ತಿದ್ದುಪಡಿಯಾಗುವ ತನಕ ಭಾರತೀಯ ಕ್ರೈಸ್ತರ ಉಯಿಲಿಗೆ ಪ್ರೊಬೇಟ್ ಬೇಕಿತ್ತು.

ಕೋರ್ಟಿನಿಂದ ಉಯಿಲಿನ ನಕಲು ಮಾತ್ರ ತಂದು ಖುಷಿಪಡಬೇಡಿ, ಇಡೀ ಕಡತ ನೋಡಲು ಅರ್ಜಿ ಹಾಕಿ. ಅರ್ಜಿಯಲ್ಲಿ ಸತ್ತ ದಿನ ಇರುತ್ತದೆ. ಆಸ್ತಿಯ ಪಟ್ಟಿಯನ್ನು 6 ತಿಂಗಳೊಳಗೆ, ಲೆಕ್ಕವನ್ನು 1 ವರ್ಷದೊಳಗೆ ಒಪ್ಪಿಸಬೇಕೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಅವು ಕಡತದಲ್ಲಿ ಉಳಿದಿದ್ದರೆ ಮನೆಯ ಪಾತ್ರೆ, ಕೊಡಬೇಕಾದ ಸಾಲ, ಬರಬೇಕಾದ ಬಾಕಿ ಎಲ್ಲ ಕಾಣುತ್ತದೆ. ಉಯಿಲೇ ಇಲ್ಲದೆ ತೀರಿಕೊಂಡವರ ಆಸ್ತಿ ನೋಡಿಕೊಳ್ಳಲು ಹಾಕಿದ ಅರ್ಜಿ ಇನ್ನೂ ಉಪಯುಕ್ತ. ಸತ್ತವರ ಕುಟುಂಬದವರು, ನೆಂಟರು ಯಾರು ಯಾರು, ಎಲ್ಲೆಲ್ಲಿ ವಾಸವಾಗಿದ್ದಾರೆ ಎಂದು ಅದರಲ್ಲಿ ಬರೆಯಲೇಬೇಕು. ಉಯಿಲಿಗೆ ತಕರಾರು ಬಂದಿದ್ದರಂತೂ ಕೇಳಲೇಬೇಡಿ, ಎರಡೂ ಕಡೆಯವರು ವಂಶಾವಳಿಯನ್ನೇ ಕೋರ್ಟಿನ ಮುಂದೆ ಬಿಚ್ಚಿಟ್ಟಿರುತ್ತಾರೆ.

ನಿಮ್ಮ ಊರು ಆಗ ಯಾರ ಆಳ್ವಿಕೆಯಲ್ಲಿತ್ತು ಎಂದು ತಿಳಿಯದೆ ಬಸ್ಸು ಹತ್ತಬೇಡಿ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದವು. ಕಾರವಾರದ ಸೀಮೆ 1862ರಲ್ಲಿ ಮದ್ರಾಸಿನಿಂದ ಮುಂಬೈಗೆ ಸೇರಿತು. ದಕ್ಷಿಣ ಕನ್ನಡ ಮದ್ರಾಸಿನದು. ಬಳ್ಳಾರಿಯೂ ಮದ್ರಾಸಿನದೇ, ಮೈಸೂರಿಗೆ ಬಂದದ್ದು 1953ರಲ್ಲಿ. ಕಲಬುರಗಿ, ರಾಯಚೂರು, ಬೀದರ್ ನಿಜಾಮರದು, ಕೊಡಗಿಗೆ ಬೇರೆಯೇ ಆಡಳಿತ. ಹಾಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಸಿಗದದ್ದು ಚೆನ್ನೈ, ಮುಂಬೈ, ಹೈದರಾಬಾದಿನ ಪತ್ರಾಗಾರದಲ್ಲಿ ಇರಬಹುದು. ಭಾಷೆಯೂ ಹಾಗೆಯೇ. ಮುಂಬೈ ಕರ್ನಾಟಕದ ಹಳೆಯ ಕಾಗದ ಮೋಡಿ ಲಿಪಿಯಲ್ಲಿ, ನಿಜಾಮರ ಕಡೆಯದು ಉರ್ದುವಿನಲ್ಲಿ ಇದ್ದರೆ ಗಾಬರಿಯಾಗಬೇಡಿ, ಓದಬಲ್ಲವರನ್ನು ಹುಡುಕಿ. ಉಯಿಲನ್ನು ಒಂದೊಂದು ಕಡೆ ಒಂದೊಂದು ಹೆಸರಿನಿಂದ ಕರೆಯುತ್ತಾರೆ. ಮರಣಶಾಸನ, ಮೃತ್ಯುಪತ್ರ, ವೀಲುನಾಮೆ ಯಾವುದು ಕಂಡರೂ ಪಕ್ಕಕ್ಕೆ ತಳ್ಳಬೇಡಿ.

ತಾರೀಖಿನಲ್ಲಿ ಅವಸರ ಬೇಡ, ಆತುರಗಾರನಿಗೆ ಬುದ್ಧಿ ಮಟ್ಟ. ಸಂವತ್ಸರದ ಹೆಸರು ಮಾತ್ರ ಇದ್ದರೆ ಲೆಕ್ಕ ಹಾಕಿ. ಪ್ರಭವ ಬಂದದ್ದು 1867ರ ಯುಗಾದಿಗೆ, ಮತ್ತೆ 1927ಕ್ಕೆ, ಮತ್ತೆ 1987ಕ್ಕೆ. ಅಲ್ಲಿಂದ ಎಣಿಸಿದರೆ ಆಂಗೀರಸ 1872 ಅಥವಾ 1932. ಯಾವುದು ಸರಿ ಎಂದು ತೀರ್ಮಾನಿಸಲು ಛಾಪಾದ ಮುದ್ರೆ ನೋಡಿ, ಹಣ ರೂಪಾಯಿ ಆಣೆ ಪೈ ಲೆಕ್ಕದಲ್ಲಿದೆಯೇ ನೋಡಿ. ನಯೇಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಮಾಘ ಮಾಸದ ಪತ್ರವಾದರೆ ಇಂಗ್ಲಿಷ್ ವರ್ಷ ಮುಂದಿನದಾಗಿರುತ್ತದೆ ಎಂಬುದೂ ನೆನಪಿರಲಿ. ಕಂದಾಯದ ಫಸಲಿ ವರ್ಷ ಇದ್ದರೆ 590 ಕೂಡಿಸಿ. ಮದ್ರಾಸಿನ ಲೆಕ್ಕದಲ್ಲಿ ಫಸಲಿ 1310 ಎಂದರೆ 1900ರ ಜುಲೈನಿಂದ 1901ರ ಜೂನ್.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಉಯಿಲಿನಲ್ಲಿ ಒಬ್ಬ ಮಗನ ಹೆಸರಿಲ್ಲ ಎಂದರೆ ಆ ಮಗ ಇರಲೇ ಇಲ್ಲ ಎಂದಲ್ಲ. ಮೊದಲೇ ಪಾಲು ತೆಗೆದುಕೊಂಡು ಹೋಗಿರಬಹುದು. ಮದುವೆಯಲ್ಲಿ ಕೊಟ್ಟಾಯಿತು ಎಂದು ಮಗಳನ್ನು ಬಿಟ್ಟಿರಬಹುದು. ‘ನನ್ನ ತಮ್ಮ’ ಎಂದು ಬರೆಸಿದವನು ಚಿಕ್ಕಪ್ಪನ ಮಗನೂ ಆಗಿರಬಹುದು. ದತ್ತು ಹೋದವರ ಹೆಸರಿನ ಮುಂದಿನ ಬಿನ್ ಬದಲಾಗಿರುತ್ತದೆ, ಹೆತ್ತ ಮನೆಯ ಕೊಂಡಿ ಬೇರೆ ಕಡೆ ಸಿಗುತ್ತದೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ವಂಶ ಸಾಗಿದ್ದು ತಾಯಿಯ ಕಡೆಯಿಂದ. ಅಲ್ಲಿ ಅಪ್ಪನಿಂದ ಮಗನಿಗೆ ಗೆರೆ ಎಳೆಯುತ್ತ ಹೋದರೆ ದಾರಿ ತಪ್ಪುತ್ತೀರಿ. ಮಾವ ಮತ್ತು ಅಕ್ಕತಂಗಿಯರ ಮಕ್ಕಳನ್ನು ಮೊದಲು ಗುರುತಿಸಿ. ಒಂದು ಸಂಬಂಧಕ್ಕೆ ಎರಡು ಆಧಾರವಾದರೂ ಇರಲಿ: ಉಯಿಲಿನ ಜೊತೆಗೆ ಹಳೆಯ ಪಹಣಿ, ಶಾಲೆಯ ದಾಖಲೆ, ಲಗ್ನಪತ್ರಿಕೆ, ಗಯಾ ನಾಸಿಕದ ತೀರ್ಥಪುರೋಹಿತರ ವಹಿ. ಯಾವ ಹೆಸರು ಯಾವ ಕಾಗದದಿಂದ ಬಂತು ಎಂದು ಪಕ್ಕದಲ್ಲೇ ಬರೆದುಕೊಳ್ಳಿ. ಈಗ ಬರೆಯದಿದ್ದರೆ ಮುಂದಿನ ವರ್ಷ ನಿಮಗೇ ನೆನಪಿರುವುದಿಲ್ಲ.

ಕಡೆಯದಾಗಿ ಮನಸ್ಸಿನ ಮಾತು. ಕಾಗದಗಳಲ್ಲಿ ಎಲ್ಲವೂ ಸಿಹಿಯಾಗಿರುವುದಿಲ್ಲ. ಅಜ್ಜನಿಗೆ ಇನ್ನೊಂದು ಸಂಸಾರವಿದ್ದದ್ದು, ಒಬ್ಬ ಮಗನನ್ನು ಹೆಸರು ಹಿಡಿದು ಹೊರಗಿಟ್ಟದ್ದು ಬಯಲಾಗಬಹುದು. ನದಿಮೂಲ ಋಷಿಮೂಲ ಕೆದಕಬಾರದು ಎಂದು ಹಿರಿಯರು ಹೇಳಿದ್ದು ಇಂಥ ನೋವಿಗೆ ಹೆದರಿಯೇ. ನೀವು ಕೆದಕಿ, ಬೇಡ ಎನ್ನುವುದಿಲ್ಲ. ಆದರೆ ಕಂಡದ್ದನ್ನೆಲ್ಲ ಅವತ್ತೇ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವಿಷಯ ಯಾರಿಗೆ ತಾಗುತ್ತದೋ ಅವರ ಬಳಿ ಮೊದಲು ಕೂತು ಮಾತಾಡಿ. ದಾಯಾದಿಗಳ ಮನೆಗೆ ಹೋದಾಗ ‘ಪಾಲು ಕೇಳಲು ಬಂದಿಲ್ಲ, ಹೆಸರು ಕೇಳಲು ಬಂದಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿ, ಹಾಗೆಯೇ ನಡೆದುಕೊಳ್ಳಿ. ಹಳೆಯ ಉಯಿಲು ಹಿಡಿದು ಹೊಸ ವ್ಯಾಜ್ಯ ಹೂಡುವ ಆಸೆಯಿದ್ದರೆ ಅದು ಬೇರೆ ದಾರಿ, ಅದಕ್ಕೂ ಇದಕ್ಕೂ ಗಂಟು ಹಾಕಬೇಡಿ.

ಕಚೇರಿಯ ಕಾಗದ ಇವತ್ತಲ್ಲದಿದ್ದರೆ ನಾಳೆ ಸಿಕ್ಕೀತು. ಆದರೆ ಅದರಲ್ಲಿರುವ ಹೆಸರು ಓದಿದ ಕೂಡಲೇ ‘ಓ, ಅವರಾ? ನಮ್ಮ ದೊಡ್ಡತ್ತೆಯ ಗಂಡ’ ಎನ್ನಬಲ್ಲವರು ನಿಮ್ಮ ಮನೆತನದಲ್ಲಿ ಒಬ್ಬಿಬ್ಬರಷ್ಟೇ ಉಳಿದಿದ್ದಾರೆ. ಅದಕ್ಕೇ ಮೊದಲು ಅವರ ಹತ್ತಿರ ಹೋಗಿ, ಆಮೇಲೆ ಕಚೇರಿಗೆ. ಬರುವ ಭಾನುವಾರ ಬೇರೇನೂ ಇಟ್ಟುಕೊಳ್ಳಬೇಡಿ. ಒಂದು ನೋಟುಪುಸ್ತಕ, ಮನೆಯಲ್ಲಿ ಸಿಕ್ಕ ಪತ್ರದ ಫೋಟೊ ಹಿಡಿದು ಅವರ ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಗಟ್ಟಿಯಾಗಿ ಓದಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಹೋಗುವಾಗ ಅವರಿಗೆ ಇಷ್ಟವಾದದ್ದು ಏನಾದರೂ ಕೈಯಲ್ಲಿ ಹಿಡಿದುಕೊಂಡು ಹೋಗಿ.