ಮೊಣಕಾಲಿನ ಕೀಲುಸವೆತ ಮತ್ತು ಎಂ.ಆರ್.ಐ. ಚಿತ್ರಣ

ನಡೆಯುವುದು, ಕುಳಿತೇಳುವುದು, ಮೆಟ್ಟಿಲು ಹತ್ತುವುದು ನಮಗೆ ಎಷ್ಟು ಸಹಜವೆಂದರೆ, ಅವುಗಳಿಗಾಗಿ ದುಡಿಯುವ ಕೀಲನ್ನು ನಾವು ನೆನೆಯುವುದೇ ಇಲ್ಲ. ಊಟದ ಪಂಕ್ತಿಯಿಂದ ಏಳುವ ಹಿರಿಯರು ನೆಲಕ್ಕೆ ಕೈಯೂರಿ ಒಂದು ಕ್ಷಣ ತಡೆದು ನಿಂತಾಗ ಮಾತ್ರ ಮೊಣಕಾಲಿನ ಮಹತ್ವ ನಮ್ಮ ಅರಿವಿಗೆ ಬರುತ್ತದೆ. ಈ ನೋವಿಗೆ ಬಹುಮಟ್ಟಿಗೆ ಕಾರಣವಾದುದು ವೈದ್ಯರು ಆಸ್ಟಿಯೋ ಆರ್ಥ್ರೈಟಿಸ್ ಎಂದು ಕರೆಯುವ ಕೀಲುಸವೆತ. ಈ ರೋಗವನ್ನು ಅದರ ಮೊದಲ ಹಂತದಲ್ಲಿಯೇ ಗುರುತಿಸಬಹುದೇ? ಗುರುತಿಸಿದರೆ ಪ್ರಯೋಜನವೇನು? ಇವೆರಡನ್ನು ಇಲ್ಲಿ ವಿಚಾರಿಸೋಣ.

ಮೊಣಕಾಲಿನಲ್ಲಿ ತೊಡೆಯ ಮೂಳೆ, ಮುಂಗಾಲ ಮೂಳೆ ಮತ್ತು ಮೊಣಕಾಲ ಚಿಪ್ಪು ಸಂಧಿಸುತ್ತವೆ. ಅವು ಒಂದನ್ನೊಂದು ತಾಗುವ ಭಾಗವನ್ನು ಕೆಲವೇ ಮಿಲಿಮೀಟರ್ ದಪ್ಪದ, ನುಣುಪಾದ ಮೃದ್ವಸ್ಥಿ ಹೊದ್ದಿರುತ್ತದೆ. ಇದರ ತೂಕದ ಬಹುಪಾಲು ನೀರೇ. ಆ ನೀರನ್ನು ಪ್ರೋಟಿಯೋಗ್ಲೈಕನ್ ಎಂಬ ಅಣುಗಳು ಹಿಡಿದಿಟ್ಟರೆ, ಕೊಲಾಜೆನ್ ಎಳೆಗಳು ಬಲೆಯಂತೆ ಹೆಣೆದು ಅದಕ್ಕೆ ಗಟ್ಟಿತನ ಕೊಡುತ್ತವೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಆದುದರಿಂದ ಒಮ್ಮೆ ಕೆಟ್ಟರೆ ಅದು ಸುಲಭವಾಗಿ ಮಾಯುವುದಿಲ್ಲ. ಅದಕ್ಕೆ ನರಗಳೂ ಇಲ್ಲ. ಆದುದರಿಂದ ಅದು ಸವೆಯತೊಡಗಿದಾಗ ನೋವಿನ ಮೂಲಕ ನಮಗೆ ತಿಳಿಸುವುದೂ ಇಲ್ಲ. ಸುತ್ತಲಿನ ಮೂಳೆ, ಪೊರೆಗಳು ಬಾಧೆಗೊಳಗಾದ ಮೇಲೆಯೇ ನೋವು ಕಾಣಿಸಿಕೊಳ್ಳುತ್ತದೆ. ರೋಗದ ಆರಂಭವು ಮೌನವಾಗಿರುವುದಕ್ಕೆ ಇದೇ ಕಾರಣ.

1895ರಲ್ಲಿ ರಾಂಟ್‌ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಮೂಳೆಗಳ ಪರೀಕ್ಷೆ ಸುಲಭವಾಯಿತು. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಕ್ಷ-ಕಿರಣ ಚಿತ್ರದ ಆಧಾರದಿಂದ ಕೀಲುಸವೆತವನ್ನು 0ಯಿಂದ 4ರವರೆಗೆ ಶ್ರೇಣಿಗಳಾಗಿ ವಿಂಗಡಿಸಿದರು. ಆ ಕ್ರಮ ಇಂದಿಗೂ ಬಳಕೆಯಲ್ಲಿದೆ. ಆದರೆ ಕ್ಷ-ಕಿರಣದ ಚಿತ್ರದಲ್ಲಿ ಮೃದ್ವಸ್ಥಿ ಕಾಣಿಸದು. ಎರಡು ಮೂಳೆಗಳ ನಡುವಣ ತೆರಪು ಕಿರಿದಾದುದನ್ನು ನೋಡಿ, ಮೃದ್ವಸ್ಥಿ ಸವೆದಿರಬೇಕೆಂದು ಊಹಿಸಬೇಕಷ್ಟೆ. ಅಷ್ಟರಲ್ಲಿ ರೋಗವು ಬಹುದೂರ ಸಾಗಿರುತ್ತದೆ.

ಈ ಕೊರತೆಯನ್ನು ತುಂಬಿದುದು ಕಾಂತೀಯ ಅನುರಣನ ಚಿತ್ರಣ, ಅಂದರೆ ಎಂ.ಆರ್.ಐ. ಇದರ ಬೇರು ಭೌತಶಾಸ್ತ್ರದಲ್ಲಿದೆ. 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಎಂಬ ವಿಜ್ಞಾನಿಗಳು ಪರಮಾಣು ಬೀಜಗಳ ಕಾಂತೀಯ ಅನುರಣನವನ್ನು ಪ್ರತ್ಯೇಕವಾಗಿ ತೋರಿಸಿಕೊಟ್ಟರು. 1973ರಲ್ಲಿ ಲಾಟರ್‌ಬರ್ ಅದರಿಂದ ಚಿತ್ರವನ್ನು ರಚಿಸುವ ಮಾರ್ಗವನ್ನು ಪ್ರಕಟಿಸಿದರು. ಅವರಿಗೂ ಮ್ಯಾನ್ಸ್‌ಫೀಲ್ಡರಿಗೂ 2003ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರವು ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಪ್ರಬಲವಾದುದು. ಅದರಲ್ಲಿ ದೇಹದ ಜಲಜನಕದ ಬೀಜಗಳು ಒಂದು ಕ್ರಮಕ್ಕೆ ಒಳಪಡುತ್ತವೆ. ತಕ್ಕ ಆವರ್ತನದ ರೇಡಿಯೋ ಅಲೆ ಅವುಗಳನ್ನು ಪಲ್ಲಟಗೊಳಿಸುತ್ತದೆ. ಅಲೆ ನಿಂತೊಡನೆ ಅವು ಮೊದಲಿನ ಸ್ಥಿತಿಗೆ ಮರಳುತ್ತ ಸಂಕೇತಗಳನ್ನು ಹೊರಡಿಸುತ್ತವೆ. ಮರಳುವ ವೇಗವು ಒಂದೊಂದು ಅಂಗಾಂಶದಲ್ಲಿ ಒಂದೊಂದು ಬಗೆ. ಗಣಕಯಂತ್ರವು ಈ ವ್ಯತ್ಯಾಸವನ್ನೇ ಚಿತ್ರವಾಗಿ ಮಾರ್ಪಡಿಸುತ್ತದೆ. ಇದರಲ್ಲಿ ಕ್ಷ-ಕಿರಣದ ಬಳಕೆಯೇ ಇಲ್ಲ. ಆದರೆ ದೇಹದೊಳಗೆ ಹೃದಯದ ಪೇಸ್‌ಮೇಕರ್ ಅಥವಾ ಲೋಹದ ಸಾಧನಗಳಿದ್ದರೆ ಮೊದಲೇ ತಿಳಿಸುವುದು ಅವಶ್ಯ.

ನೀರಿನಲ್ಲಿ ಜಲಜನಕವಿರುವುದರಿಂದ ಮೃದ್ವಸ್ಥಿಯು ಎಂ.ಆರ್.ಐ.ಯಲ್ಲಿ ನೇರವಾಗಿ ಗೋಚರಿಸುತ್ತದೆ. ಜೊತೆಗೆ ಮೆನಿಸ್ಕಸ್ ಎಂಬ ಅರ್ಧಚಂದ್ರಾಕಾರದ ಮೆತ್ತೆಗಳ ಹರಿತ, ಮೂಳೆಮಜ್ಜೆಯ ಬದಲಾವಣೆ, ಕೀಲಿನ ಒಳಪೊರೆಯ ಉರಿಯೂತ, ತುಂಬಿಕೊಂಡ ದ್ರವ ಇವೆಲ್ಲ ಕಾಣುತ್ತವೆ. ಟಿ2 ಮಾಪನವೆಂಬ ವಿಧಾನವು ಮೃದ್ವಸ್ಥಿಯ ನೀರು ಮತ್ತು ಕೊಲಾಜೆನ್ ಹೆಣಿಗೆಯ ಮಾರ್ಪಾಟನ್ನು ಅದರ ದಪ್ಪ ಕಡಿಮೆಯಾಗುವ ಮೊದಲೇ ಸೂಚಿಸಬಲ್ಲುದು. ಅಮೆರಿಕದಲ್ಲಿ 2004ರಲ್ಲಿ ಆರಂಭವಾದ ಒಂದು ಬೃಹತ್ ಅಧ್ಯಯನವು 45ರಿಂದ 79 ವರ್ಷ ವಯಸ್ಸಿನ 4,796 ಜನರ ಮೊಣಕಾಲುಗಳನ್ನು ವರ್ಷಗಟ್ಟಲೆ ಈ ಯಂತ್ರದಿಂದ ಪರೀಕ್ಷಿಸಿ, ರೋಗದ ಗತಿಯನ್ನು ತಿಳಿಯಲು ನೆರವಾಯಿತು.

ಹಾಗಾದರೆ ಮೊಣಕಾಲು ನೋಯುವವರೆಲ್ಲರೂ ಎಂ.ಆರ್.ಐ. ಮಾಡಿಸಿಕೊಳ್ಳಬೇಕೇ? ಇಲ್ಲಿ ವಿವೇಕ ಅಗತ್ಯ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 50 ವರ್ಷ ಮೀರಿದ, ಕ್ಷ-ಕಿರಣದಲ್ಲಿ ಕೀಲುಸವೆತ ಕಾಣದ 710 ಜನರನ್ನು ಎಂ.ಆರ್.ಐ.ಯಿಂದ ಪರೀಕ್ಷಿಸಿದ ವರದಿ 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 89 ಜನರಲ್ಲಿ ಒಂದಲ್ಲ ಒಂದು ದೋಷ ಕಂಡುಬಂದಿತು. ನೋವಿಲ್ಲದ ಮೊಣಕಾಲುಗಳಲ್ಲಿಯೂ ದೋಷದ ಪ್ರಮಾಣ ಶೇಕಡಾ 86ಕ್ಕಿಂತ ಕಡಿಮೆಯಿರಲಿಲ್ಲ. ಅಂದಮೇಲೆ ಚಿತ್ರದಲ್ಲಿ ಕಂಡ ದೋಷವೇ ನೋವಿನ ಕಾರಣವೆಂದು ಹೇಳಲಾಗದು. ಹರಿದ ಮೆನಿಸ್ಕಸ್ ಕಂಡಿತೆಂದು ಒಡನೆ ಶಸ್ತ್ರಚಿಕಿತ್ಸೆಗೆ ಧಾವಿಸಿದರೆ ಹಣವೂ ವ್ಯಯ, ದೇಹಕ್ಕೂ ವೃಥಾ ಶ್ರಮ. ಯಂತ್ರದ ಕಣ್ಣು ಸೂಕ್ಷ್ಮವಾದಷ್ಟೂ ಅದನ್ನು ಓದುವ ಮನುಷ್ಯನ ತೀರ್ಮಾನವೂ ಸೂಕ್ಷ್ಮವಾಗಬೇಕು.

ಆದುದರಿಂದಲೇ 45 ವರ್ಷ ದಾಟಿದವರಲ್ಲಿ ಓಡಾಡಿದಾಗ ನೋವಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆಯನ್ನು ಮೀರದಿದ್ದರೆ, ಚಿತ್ರಣವಿಲ್ಲದೆಯೇ ರೋಗವನ್ನು ನಿರ್ಣಯಿಸಬಹುದೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ. ಕೀಲು ಮಡಿಸಲಾಗದಂತೆ ಸಿಕ್ಕಿಕೊಂಡಾಗ, ಪೆಟ್ಟು ಬಿದ್ದಾಗ, ಸೋಂಕು ಅಥವಾ ಗೆಡ್ಡೆಯ ಸಂಶಯವಿದ್ದಾಗ, ಲಕ್ಷಣಗಳು ರೋಗಕ್ಕೆ ಹೊಂದದಿದ್ದಾಗ ವೈದ್ಯರು ಎಂ.ಆರ್.ಐ.ಯನ್ನು ಸೂಚಿಸಬಹುದು.

ಸವೆದ ಮೃದ್ವಸ್ಥಿಯನ್ನು ಮೊದಲಿನಂತಾಗಿಸುವುದೆಂದು ಸಿದ್ಧಪಟ್ಟ ಔಷಧ ಇಂದಿಗೂ ಇಲ್ಲ. ಆದರೂ ಆರಂಭದ ಅರಿವು ನಿರರ್ಥಕವಲ್ಲ. ತೊಡೆಯ ಸ್ನಾಯುಗಳಿಗೆ ಬಲ ನೀಡುವ ವ್ಯಾಯಾಮ ನೋವನ್ನು ತಗ್ಗಿಸುತ್ತದೆ. ಸ್ಥೂಲದೇಹಿಗಳು ಒಂದು ಕಿಲೋಗ್ರಾಂ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಹೊರೆ ಸುಮಾರು ನಾಲ್ಕು ಕಿಲೋಗ್ರಾಂ ಇಳಿಯುವುದೆಂದು 2005ರ ಒಂದು ಅಧ್ಯಯನ ತೋರಿಸಿದೆ. ಈ ಎರಡಕ್ಕೂ ದೊಡ್ಡ ಯಂತ್ರದ ಅಪ್ಪಣೆ ಬೇಕಿಲ್ಲ.

ವಿದ್ಯಾರ್ಥಿಗಳೇ, ಮನೆಯ ಹಿರಿಯರು ಮೊಣಕಾಲು ಹಿಡಿದು ಕುಳಿತಾಗ, ಅದು ವಯಸ್ಸಿನ ಧರ್ಮವೆಂದು ಸುಮ್ಮನಿರಬೇಡಿ. ಚಿತ್ರವೊಂದನ್ನು ತೆಗೆಸಿದರೆ ಸಾಕೆಂದೂ ಭಾವಿಸಬೇಡಿ. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಸಂಜೆ ಅವರೊಡನೆ ನಾಲ್ಕು ಹೆಜ್ಜೆ ನಡೆಯಿರಿ. ವಿಜ್ಞಾನ ತೋರಿಸುವುದನ್ನು ಅರಿಯುವುದು ವಿದ್ಯೆ. ಅದನ್ನು ಎಲ್ಲಿ, ಎಷ್ಟು ಬಳಸಬೇಕೆಂದು ತಿಳಿಯುವುದು ವಿವೇಕ.