ಕುರಿಯ ಮಾಸಿನ ಗುಂಡಿಗಳು: ಜರಾಯು ಪಾಠಕ್ಕೊಂದು ತಿದ್ದುಪಡಿ

ಲಿಂಗಸುಗೂರು ತಾಲ್ಲೂಕಿನ ಒಂದು ಪ್ರೌಢಶಾಲೆ. ಹತ್ತನೆಯ ತರಗತಿಗೆ ಸಂತಾನೋತ್ಪತ್ತಿ ಪಾಠ ನಡೆದಿತ್ತು. ಪ್ರಶಿಕ್ಷಣಾರ್ಥಿ ಜರಾಯುವಿನ ಚಿತ್ರ ಬರೆದು, "ಇದು ತಟ್ಟೆಯಾಕಾರದ ಅಂಗ. ಇದರ ಮೂಲಕ ತಾಯಿಯ ರಕ್ತ ಮಗುವಿಗೆ ಹರಿಯುತ್ತದೆ" ಎಂದರು. ಎರಡನೆಯ ವಾಕ್ಯ ತಪ್ಪೆಂದು ನಾನು ವೀಕ್ಷಣಾ ಪುಸ್ತಕದಲ್ಲಿ ಬರೆಯುತ್ತಿದ್ದಾಗಲೇ ಕುರಿಗಾರರ ಮನೆಯ ಹುಡುಗನೊಬ್ಬ ಎದ್ದು ನಿಂತ: "ನಮ್ಮ ಕುರಿ ಮಾಸು ತಾಟಿನಂಗ ಇರಂಗಿಲ್ರಿ ಮೇಡಂ. ಗುಂಡಿ ಗುಂಡಿ ಇರ್ತಾವ್ರಿ."

"ಪುಸ್ತಕದಾಗ ಇದ್ದದ್ದು ಬರಿ" ಎಂದು ಅವನನ್ನು ಕೂರಿಸಲಾಯಿತು. ಪಾಠ ಸೋತದ್ದು ಅಲ್ಲಿಯೇ.

ಹುಡುಗ ಹೇಳಿದ್ದು ಸರಿ. ತಟ್ಟೆಯಾಕಾರ ಮನುಷ್ಯನ ಜರಾಯುವಿನದು. ನಮ್ಮ ಕೆಂಗುರಿಯಾಗಲಿ ಡೆಕ್ಕನಿಯಾಗಲಿ, ಕುರಿಯ ಜರಾಯು ಹತ್ತಾರು ಗುಂಡಿಗಳಾಗಿ ಗರ್ಭಕೋಶಕ್ಕೆ ಅಂಟಿರುತ್ತದೆ. ಒಂದೊಂದು ಗುಂಡಿಯಲ್ಲೂ ತಾಯಿಯ ರಕ್ತನಾಳ ಒಂದು ಕಡೆ, ಮರಿಯ ರಕ್ತನಾಳ ಇನ್ನೊಂದು ಕಡೆ. ನಡುವೆ ಜೀವಕೋಶಗಳ ಪದರಗಳಿರುವುದರಿಂದ ಎರಡೂ ರಕ್ತ ಬೆರೆಯುವುದಿಲ್ಲ.

ಸಕ್ಕರೆ ದಾಟುವುದು ವಾಹಕ ಪ್ರೋಟೀನುಗಳ ಮೂಲಕ, ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಮರಿಯ ರಕ್ತದಲ್ಲಿ ಗ್ಲುಕೋಸ್ ತಾಯಿಯದಕ್ಕಿಂತ ಬಹಳ ಕಡಿಮೆ. ಆ ಇಳಿಜಾರೇ ಹರಿವಿಗೆ ಕಾರಣ. ಆದರೆ ಜರಾಯುವನ್ನು ಬರಿಯ ಕೊಳವೆ ಎಂದು ಕಲಿಸಬಾರದು. ಗರ್ಭಕೋಶಕ್ಕೆ ಬಂದ ಗ್ಲುಕೋಸಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗರ್ಭಕೋಶ ಮತ್ತು ಜರಾಯು ತಾವೇ ಬಳಸಿಕೊಳ್ಳುತ್ತವೆ. ಇನ್ನೂ ಸ್ವಲ್ಪವನ್ನು ಜರಾಯು ಫ್ರಕ್ಟೋಸ್ ಆಗಿ ಮಾರ್ಪಡಿಸಿ ಮರಿಯ ಕಡೆಗೆ ಬಿಡುತ್ತದೆ. ಅದು ತಾಯಿಯ ಕಡೆಗೆ ಮರಳುವುದಿಲ್ಲವೆಂದೇ ಹೇಳಬಹುದು. ಹೀಗಾಗಿ ಮರಿಯ ರಕ್ತದಲ್ಲಿ ಗ್ಲುಕೋಸಿಗಿಂತ ಫ್ರಕ್ಟೋಸೇ ಹೆಚ್ಚು. ಇದನ್ನು ತಯಾರಿಸುವುದು ಜರಾಯುವೇ ಎಂದು 1951ರಲ್ಲಿ ಹಗೆಟ್ ಮತ್ತು ಸಂಗಡಿಗರು ತೋರಿಸಿದರು.

ಮರುಪಾಠಕ್ಕೆ ಆ ಪ್ರಶಿಕ್ಷಣಾರ್ಥಿ ಚಾರ್ಟ್ ತರಲಿಲ್ಲ, ಹುಣಸೆಬೀಜ ತಂದರು. 'ತಾಯಿ' ಹತ್ತು ಬೀಜ ಕೊಟ್ಟಳು. 'ಜರಾಯು' ಆರನ್ನು ಇಟ್ಟುಕೊಂಡಿತು, ಒಂದಕ್ಕೆ ಸುಣ್ಣ ಹಚ್ಚಿ ಫ್ರಕ್ಟೋಸ್ ಎಂದು 'ಮರಿ'ಗೆ ಕೊಟ್ಟಿತು, ಮೂರನ್ನು ಹಾಗೆಯೇ ದಾಟಿಸಿತು. (ಸುಣ್ಣದ ಬೀಜ ಒಂದೇ ಎಂಬುದು ಆಟದ ಲೆಕ್ಕ, ಅಳತೆಯಲ್ಲ. ಮಕ್ಕಳಿಗೆ ಇದನ್ನು ಹೇಳಲೇಬೇಕು.)

ಆಮೇಲೆ ಅದೇ ಹುಡುಗನ ಪ್ರಶ್ನೆ: "ಎರಡು ಮರಿ ಇದ್ರ?"

ಈ ಸಲ ಅವರು ಅವನನ್ನು ಕೂರಿಸಲಿಲ್ಲ. ಇನ್ನೊಬ್ಬ 'ಮರಿ'ಯನ್ನು ನಿಲ್ಲಿಸಿ, ತಾಯಿಯ ಕೈಗೆ ಐದೇ ಬೀಜ ಕೊಟ್ಟರು. ಕುರಿ ಗಬ್ಬ ಇರುವುದು ಸುಮಾರು 150 ದಿನ. ಮರಿಯ ತೂಕದಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಮೆಲುಕು ಹಾಕುವ ಪ್ರಾಣಿಗೆ ಮೇವಿನಿಂದ ನೇರವಾಗಿ ಸಿಗುವ ಗ್ಲುಕೋಸ್ ಅತ್ಯಲ್ಪ, ಯಕೃತ್ತೇ ತಯಾರಿಸಬೇಕು. ಬೇಸಿಗೆಯಲ್ಲಿ ಒಣ ಸೊಪ್ಪೆಯೊಂದೇ ಸಿಕ್ಕಾಗ ಅವಳಿ ಹೊತ್ತ ಕುರಿ ತನ್ನ ಕೊಬ್ಬು ಕರಗಿಸುತ್ತದೆ, ರಕ್ತದಲ್ಲಿ ಕೀಟೋನ್ ಏರುತ್ತದೆ, ಮೇವು ಬಿಟ್ಟು ನೆಲ ಹಿಡಿಯುತ್ತದೆ.

"ಹೋದ ವರ್ಷ ನಮ್ಮದೊಂದು ಹಂಗ ಸತ್ತಿತ್ರಿ" ಎಂದ ಹುಡುಗ. ಕೊನೆಯ ತಿಂಗಳು ಜೋಳ, ಮೆಕ್ಕೆಜೋಳದ ನುಚ್ಚು ಎಷ್ಟು ಹಾಕಬೇಕೆಂದು ಪಶುವೈದ್ಯರನ್ನು ಕೇಳಿಕೊಂಡು ಬರುವುದೇ ಅಂದಿನ ಮನೆಗೆಲಸವಾಯಿತು.